ಬಾಯಾರಿಕೆ ಸುಮ್ಮನಾದಾಗ

ವಾಂತಿಭೇದಿಯಾದ ಕೂಸನ್ನು ಎತ್ತಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ತಾಯಂದಿರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ‘ರಾತ್ರಿಯೆಲ್ಲ ರಚ್ಚೆ ಹಿಡಿದಿತ್ತು ಸಾರ್, ಲೋಟ ಕಂಡರೆ ಸಾಕು ಕೈ ಹಾಕ್ತಿತ್ತು. ಬೆಳಗಿನ ಜಾವ ಸುಮ್ಮನಾಯ್ತು, ಈಗ ನಿದ್ದೆ ಮಾಡ್ತಾ ಇದೆ.’ ಹೇಳುವ ದನಿಯಲ್ಲಿ ಒಂದಿಷ್ಟು ಸಮಾಧಾನವೂ ಇರುತ್ತದೆ. ಕೇಳಿಸಿಕೊಳ್ಳುವ ವೈದ್ಯರಿಗೆ, ಅನುಭವಸ್ಥ ನರ್ಸಮ್ಮನಿಗೆ ಎದೆ ಧಸಕ್ಕೆನ್ನುವುದು ಅದೇ ಮಾತಿಗೆ. ಸಾಲಿನಲ್ಲಿ ಹತ್ತು ಮಕ್ಕಳಿದ್ದರೆ, ಅಳುತ್ತಿರುವ ಒಂಬತ್ತನ್ನು ಬಿಟ್ಟು ಅಳು ನಿಲ್ಲಿಸಿದ ಆ ಒಂದನ್ನು ಅವರು ಮೊದಲು ಒಳಗೆ ಕರೆದುಕೊಳ್ಳುತ್ತಾರೆ.

ಮೈಯಲ್ಲಿ ನೀರು ಕಡಿಮೆಯಾದರೆ ಬಾಯಾರುತ್ತದೆ, ಬಾಯಾರಿದವರು ಕೇಳಿ ಕುಡಿಯುತ್ತಾರೆ, ಕೇಳದಿದ್ದವರಿಗೆ ಬೇಕಾಗಿಲ್ಲ. ನಾವೆಲ್ಲ ನಂಬಿಕೊಂಡು ಬಂದಿರುವ ಲೆಕ್ಕ ಇದು. ಗಟ್ಟಿಮುಟ್ಟಾದ ಯುವಕನ ಮಟ್ಟಿಗೆ ಈ ಲೆಕ್ಕ ಬಹುಪಾಲು ಸರಿ. ಆದರೆ ನಿರ್ಜಲೀಕರಣಕ್ಕೆ ಬಲಿಯಾಗುವವರು ಹೆಚ್ಚಾಗಿ ಅಂಥವರಲ್ಲ. ಮಾತು ಬಾರದ ಕೂಸುಗಳು, ಬಾಯಾರಿಕೆಯ ಅರಿವೇ ಮಂಕಾದ ಹಿರಿಯರು, ಕೆಲಸ ಬಿಟ್ಟು ಏಳಲಾಗದೆ ಬಾಯಾರಿಕೆಯನ್ನು ನುಂಗಿಕೊಂಡು ದುಡಿಯುವವರು. ಇವರು ಕೇಳಲಿ ಎಂದು ಕಾಯುತ್ತ ಕೂರುವಂತಿಲ್ಲ. ಪಕ್ಕದಲ್ಲಿರುವವರೇ ಕಣ್ಣಿಟ್ಟು ನೋಡಬೇಕು, ಕೈಯಿಟ್ಟು ಮುಟ್ಟಬೇಕು. ಆ ನೋಡುವ, ಮುಟ್ಟುವ ವಿದ್ಯೆಗೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಒಬ್ಬ ಅಜ್ಜಿಗೂ, ಹೈಸ್ಕೂಲಿಗೆ ಹೋಗುವ ಹುಡುಗಿಗೂ ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡಬಹುದು. ಈ ಅಧ್ಯಾಯ ಬರೆಯುತ್ತಿರುವುದೇ ಅದಕ್ಕಾಗಿ.

ವಯಸ್ಕ ಗಂಡಸಿನ ತೂಕದಲ್ಲಿ ಸುಮಾರು ಶೇ 60 ಭಾಗ ನೀರು. ಹೆಂಗಸರಲ್ಲಿ ಅದಕ್ಕಿಂತ ತುಸು ಕಡಿಮೆ, ಆಗತಾನೆ ಹುಟ್ಟಿದ ಶಿಶುವಿನಲ್ಲಿ ಮುಕ್ಕಾಲು ಪಾಲು, ಇಳಿವಯಸ್ಸಿನಲ್ಲಿ ಅರ್ಧದ ಆಸುಪಾಸು. ಇದರ ಮೂರನೇ ಎರಡು ಪಾಲು ಜೀವಕೋಶಗಳ ಒಳಗಿರುತ್ತದೆ. ಉಳಿದದ್ದು ಕೋಶಗಳ ಹೊರಗೆ, ಅದರಲ್ಲೊಂದು ಸಣ್ಣ ಭಾಗ ರಕ್ತದಲ್ಲಿ. ಕೋಶಗಳ ಹೊರಗಿನ ಈ ನೀರು ಬರಿಯ ನೀರಲ್ಲ, ಹದವಾದ ಉಪ್ಪುನೀರು. ಆ ಹದ ಕೆಟ್ಟು ರಕ್ತದ್ರವದ ಸಾಂದ್ರತೆ ಶೇ 1ರಿಂದ 2ರಷ್ಟು ಏರಿದರೆ ಸಾಕು, ಮಿದುಳಿನ ತಳಭಾಗದ ಹೈಪೋಥಲಾಮಸ್‌ನ ಕೋಶಗಳಿಗೆ ತಿಳಿದುಹೋಗುತ್ತದೆ. ಕೂಡಲೇ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಗಂಟಲು ಒಣಗಿ ನೀರು ಬೇಕೆನ್ನಿಸುವುದು. ಇನ್ನೊಂದು ನಮ್ಮ ಅರಿವಿಗೆ ಬರುವುದಿಲ್ಲ: ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು, ಸೋಸಿದ ನೀರನ್ನು ಆದಷ್ಟು ವಾಪಸು ಎಳೆದುಕೊಳ್ಳುವಂತೆ ಮೂತ್ರಪಿಂಡಗಳಿಗೆ ಹೇಳುತ್ತದೆ. ಅಷ್ಟು ಹಿಡಿತ ಮಾಡಿದರೂ ದೊಡ್ಡವರಿಗೆ ದಿನಕ್ಕೆ ಅರ್ಧ ಲೀಟರಿನಷ್ಟಾದರೂ ಮೂತ್ರ ಹೋಗಲೇಬೇಕು. ಇಲ್ಲದಿದ್ದರೆ ಮೈಯ ಕಸ ಹೊರಹೋಗಲು ದಾರಿಯಿಲ್ಲ.

ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಿನಲ್ಲಿ, ತೊಟ್ಟಿಯ ತಳ ಕಾಣತೊಡಗಿದಾಗ ಮನೆಯಾಕೆ ಏನು ಮಾಡುತ್ತಾಳೆ? ಮೊದಲು ಅಂಗಳಕ್ಕೆ, ಗಿಡಕ್ಕೆ ಹಾಕುವುದು ನಿಲ್ಲುತ್ತದೆ. ಆಮೇಲೆ ಬಟ್ಟೆ ಒಗೆಯುವುದು ನಾಳೆಗೆ ಹೋಗುತ್ತದೆ, ಸ್ನಾನ ಅರ್ಧ ಬಕೆಟ್ಟಿಗೆ ಇಳಿಯುತ್ತದೆ. ಅಡುಗೆಗೂ ಕುಡಿಯಲಿಕ್ಕೂ ಎತ್ತಿಟ್ಟ ಕೊಡವನ್ನು ಮಾತ್ರ ಕೊನೆಯವರೆಗೂ ಯಾರಿಗೂ ಮುಟ್ಟಗೊಡುವುದಿಲ್ಲ. ದೇಹ ಮಾಡುವುದೂ ಇದನ್ನೇ. ಅದಕ್ಕೆ ಮಿದುಳು ಮತ್ತು ಹೃದಯದ ಕೊಡ ಖಾಲಿಯಾಗಬಾರದು. ಆದ್ದರಿಂದ ಮೊದಲು ಮೂತ್ರಕ್ಕೆ ಕತ್ತರಿ, ನಂತರ ಜೊಲ್ಲಿಗೆ, ಕಣ್ಣೀರಿಗೆ. ಆಮೇಲೆ ಚರ್ಮದ ಸರದಿ: ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲು ತಣ್ಣಗಾಗುತ್ತವೆ, ಚರ್ಮದಡಿಯ ನೀರು ಹೀರಿಹೋಗಿ ಅದು ಸಡಿಲವಾಗುತ್ತದೆ, ಕಣ್ಣುಗುಡ್ಡೆಯ ಹಿಂದಿನ ಮೆತ್ತೆ ಕುಗ್ಗಿ ಕಣ್ಣು ಗುಳಿ ಬೀಳುತ್ತದೆ. ಇರುವಷ್ಟು ರಕ್ತವನ್ನೇ ಬೇಗ ಬೇಗ ತಿರುಗಿಸಬೇಕಾಗಿ ನಾಡಿ ಓಡತೊಡಗುತ್ತದೆ. ಇದೆಲ್ಲವೂ ಸಾಲದೆ ಹೋದಾಗ ಕೊನೆಗೆ ಮಿದುಳಿಗೇ ಕೊರತೆ ಬೀಳುತ್ತದೆ. ಆಗ ಮಂಪರು. ಬಾಯಾರಿಕೆಯನ್ನು ಹೇಳಬೇಕಾದ ಮಿದುಳೇ ಸೋತಾಗ ಬಾಯಾರಿಕೆ ಎಲ್ಲಿಂದ ಬರಬೇಕು? ಆ ಕೂಸು ಬೆಳಗಿನ ಜಾವ ಸುಮ್ಮನಾದದ್ದು ನಿದ್ದೆಯಿಂದಲ್ಲ.

ಮಕ್ಕಳಲ್ಲಿ ಇದು ಏಕೆ ಇಷ್ಟು ಬೇಗ ನಡೆಯುತ್ತದೆ ಎಂಬುದಕ್ಕೆ ಒಂದು ಹಳೆಯ, ಸರಳ ಲೆಕ್ಕವಿದೆ. 70 ಕೆ.ಜಿ. ತೂಕದ ದೊಡ್ಡವರಲ್ಲಿ ಕೋಶಗಳ ಹೊರಗಿನ ನೀರು ಸುಮಾರು 14 ಲೀಟರ್. ದಿನವೊಂದಕ್ಕೆ ಒಳಬಂದು ಹೊರಹೋಗುವುದು 2 ಲೀಟರ್, ಅಂದರೆ ಏಳನೇ ಒಂದು ಪಾಲು. 7 ಕೆ.ಜಿ.ಯ ಕೂಸಿನಲ್ಲಿ ಹೊರಗಿನ ನೀರು 1,400 ಮಿಲಿಲೀಟರ್, ದಿನದ ವಹಿವಾಟು 700; ಅರ್ಧಕ್ಕೆ ಅರ್ಧ. ಒಂದು ದಿನ ಒಳಬರುವುದು ನಿಂತು ಹೊರಹೋಗುವುದು ಮುಂದುವರಿದರೆ ದೊಡ್ಡವರು ಬಳಲುತ್ತಾರೆ, ಕೂಸು ಸಾವಿನ ಬಾಗಿಲಿಗೆ ಹೋಗುತ್ತದೆ. ಅದರ ಮೂತ್ರಪಿಂಡಗಳಿಗೂ ಇನ್ನೂ ಎಳೆಪ್ರಾಯ, ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿ ಬಂದಿರುವುದಿಲ್ಲ. ಹೀಗಿರುವಾಗ ‘ನೀರು ಕೊಟ್ಟರೆ ಭೇದಿ ಇನ್ನೂ ಜಾಸ್ತಿಯಾಗುತ್ತೆ’ ಎಂದು ಹಾಲು, ನೀರು ಎರಡನ್ನೂ ನಿಲ್ಲಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಪ್ರೀತಿಯಿಂದಲೇ ಮಾಡುವ ಕೆಲಸ ಅದು. ಆದರೆ ಭೇದಿಗಿಂತ ಹೆಚ್ಚಿನ ಕೇಡನ್ನು ಆ ಪಥ್ಯ ಮಾಡುತ್ತದೆ. ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಜಗತ್ತಿನಲ್ಲಿ ಪ್ರತಿ ವರ್ಷ ಭೇದಿಯಿಂದ ಸಾಯುತ್ತಾರೆ. ಅವರಲ್ಲಿ ಅನೇಕರನ್ನು ಕೊಲ್ಲುವುದು ರೋಗಾಣು ನೇರವಾಗಿ ಅಲ್ಲ, ಹರಿದುಹೋದ ನೀರು ಮತ್ತು ಉಪ್ಪು.

ಭೇದಿಯಾದ ಮಗುವಿನಲ್ಲಿ ನೋಡಬೇಕಾದ ನಾಲ್ಕು ಸಂಗತಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿಕೊಟ್ಟಿದೆ. ಮಗುವಿನ ಎಚ್ಚರ, ಕಣ್ಣು, ಕುಡಿಯುವ ರೀತಿ, ಹೊಟ್ಟೆಯ ಚರ್ಮ. ಎಚ್ಚರವೆಂದರೆ ಬರಿಯ ಕಣ್ಣು ತೆರೆದಿರುವುದಲ್ಲ. ಕರೆದರೆ ತಿರುಗುತ್ತದೆಯೇ, ಬಳೆಯ ಸದ್ದಿಗೆ ನೋಡುತ್ತದೆಯೇ, ಅಮ್ಮನ ಸೆರಗು ಹಿಡಿಯುತ್ತದೆಯೇ? ಕಿರಿಕಿರಿ, ಎತ್ತಿಕೊಂಡರೂ ನಿಲ್ಲದ ಅಳು ಇದ್ದರೆ ನೀರು ಕಡಿಮೆಯಾಗಿದೆ ಎಂದರ್ಥ. ಜೋಲುಬಿದ್ದು, ಕರೆದರೂ ಓಗೊಡದಿದ್ದರೆ ತೀರಾ ಕಡಿಮೆಯಾಗಿದೆ. ಕಣ್ಣಿನ ವಿಷಯದಲ್ಲಿ ವೈದ್ಯರಿಗಿಂತ ತಾಯಿಯ ಮಾತೇ ಹೆಚ್ಚು. ಕೆಲವು ಮಕ್ಕಳ ಕಣ್ಣು ಹುಟ್ಟಿನಿಂದಲೇ ಒಳಗಿರುತ್ತವೆ. ‘ನಿನ್ನೆ ಮೊನ್ನೆ ಹೀಗಿತ್ತೇನಮ್ಮ?’ ಎಂದು ಕೇಳಿದರೆ, ‘ಇಲ್ಲ ಸಾರ್, ಇವತ್ತು ಕಣ್ಣೆಲ್ಲ ಒಳಗೆ ಹೋಗಿದೆ’ ಎಂದು ಅವಳು ಹೇಳಬಲ್ಲಳು. ಬೇರೆ ಯಾವ ಪರೀಕ್ಷೆಯೂ ಅದನ್ನು ಅಷ್ಟು ಖಚಿತವಾಗಿ ಹೇಳಲಾರದು.

ಕುಡಿಯುವ ರೀತಿ ನೋಡಲು ಒಂದು ಲೋಟ, ಒಂದು ಚಮಚ ಸಾಕು. ನೀರು ತೋರಿಸಿದಾಗ ಸಾಮಾನ್ಯವಾಗಿ ಕುಡಿದು ಬಿಟ್ಟರೆ ಆತಂಕವಿಲ್ಲ. ಚಮಚವನ್ನೇ ಕಚ್ಚಿ ಹಿಡಿದು, ತೆಗೆದುಕೊಂಡಾಗ ಅತ್ತರೆ ಅದು ನೀರಿಗಾಗಿ ಹಸಿದಿದೆ. ಬಾಯಿಗೆ ಹಾಕಿದ ನೀರು ಕಟವಾಯಿಯಿಂದ ಹೊರಗೆ ಹರಿದರೆ, ನುಂಗುವುದಕ್ಕೂ ಆಗದಿದ್ದರೆ, ಅದು ಅತಿ ಅಪಾಯದ ಹಂತ. ಅಂಥ ಮಗುವಿನ ಬಾಯಿಗೆ ಬಲವಂತವಾಗಿ ಏನನ್ನೂ ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋದೀತು.

ಹೊಟ್ಟೆಯ ಚರ್ಮವನ್ನು ಹಿಡಿದು ನೋಡುವುದು ನಾಲ್ಕರಲ್ಲೂ ಹೆಚ್ಚು ತಪ್ಪಾಗಿ ನಡೆಯುವ ಪರೀಕ್ಷೆ. ಆದ್ದರಿಂದ ಅದನ್ನು ನಿಧಾನವಾಗಿ ಹೇಳುತ್ತೇನೆ. ಮಗುವನ್ನು ಅಂಗಾತ ಮಲಗಿಸಿ, ಕೈಗಳು ಪಕ್ಕಕ್ಕಿರಲಿ. ಹೊಕ್ಕುಳಿಗೂ ಪಕ್ಕೆಗೂ ನಟ್ಟನಡುವೆ ಒಂದು ಜಾಗ ಗುರುತುಮಾಡಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮವನ್ನು, ಅದರಡಿಯ ಪದರವನ್ನೂ ಸೇರಿಸಿ, ಮಡಿಕೆಯಾಗಿ ಎತ್ತಿ. ಉಗುರು ತಾಗಬಾರದು, ಬೆರಳ ತುದಿಯಿಂದ ಚಿವುಟಲೂ ಬಾರದು, ನೋವಾಗುತ್ತದೆ. ಮಡಿಕೆ ಮೈಯ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಒಂದು ಸೆಕೆಂಡು ಹಿಡಿದು ಬಿಟ್ಟುಬಿಡಿ. ನೀರು ತುಂಬಿದ ಚರ್ಮ ಬಿಟ್ಟ ಕ್ಷಣದಲ್ಲೇ ಮಟ್ಟಸವಾಗುತ್ತದೆ. ಮಡಿಕೆ ಇತ್ತೆಂಬುದೇ ಗೊತ್ತಾಗುವುದಿಲ್ಲ. ಬಿಟ್ಟ ಮೇಲೂ ಒಂದು ಗಳಿಗೆ ಗೆರೆಯಾಗಿ ನಿಂತು ಆಮೇಲೆ ಇಳಿದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡು ದಾಟಿಯೂ ಆ ಗೆರೆ ಹಾಗೆಯೇ ಎದ್ದುನಿಂತಿದ್ದರೆ ಅದು ತೀವ್ರ ನಿರ್ಜಲೀಕರಣದ ಗುರುತು. ಈ ನಾಲ್ಕರಲ್ಲಿ ಎರಡು ಕಂಡರೆ ಸಾಕು, ಮಗುವನ್ನು ನಿರ್ಜಲೀಕರಣವಾದ ಮಗು ಎಂದೇ ನೋಡಿಕೊಳ್ಳಬೇಕು. ತೀವ್ರ ಮಟ್ಟದ ಎರಡು ಕಂಡರೆ ಮನೆಯಲ್ಲಿ ಇರಿಸಿಕೊಳ್ಳುವಂತೆಯೇ ಇಲ್ಲ.

ಒಂದೇ ಲಕ್ಷಣಕ್ಕೆ ಜೋತುಬೀಳದೆ ಎರಡನ್ನು ಕೇಳುವುದಕ್ಕೆ ಕಾರಣವಿದೆ. ಅಪೌಷ್ಟಿಕತೆಯಿಂದ ಬಡಕಲಾದ ಮಗುವಿನಲ್ಲಿ ಚರ್ಮದಡಿಯ ಕೊಬ್ಬೇ ಇರುವುದಿಲ್ಲ. ನೀರು ಸಾಕಷ್ಟಿದ್ದರೂ ಮಡಿಕೆ ನಿಧಾನವಾಗಿ ಇಳಿಯುತ್ತದೆ. ದಪ್ಪ ಮಗುವಿನಲ್ಲಿ ಇದಕ್ಕೆ ತದ್ವಿರುದ್ಧ, ನೀರು ಬತ್ತಿದ್ದರೂ ಚರ್ಮ ಥಟ್ಟನೆ ಸರಿಹೋಗಿ ಮೋಸಮಾಡುತ್ತದೆ. ಇನ್ನೊಂದು ಬಗೆ ಇನ್ನೂ ಮೋಸದ್ದು. ಉಪ್ಪು ಹೆಚ್ಚಾದ ಪಾನೀಯವನ್ನು ಕೊಟ್ಟಾಗ ರಕ್ತದಲ್ಲಿ ಸೋಡಿಯಂ ಏರಿ, ಕೋಶಗಳ ಒಳಗಿನ ನೀರು ಹೊರಗೆ ಎಳೆದುಬರುತ್ತದೆ. ಹೊರಗಿನ ಲಕ್ಷಣಗಳು ಸೌಮ್ಯವಾಗಿಯೇ ಕಾಣುತ್ತವೆ, ಒಳಗೆ ಮಿದುಳಿನ ಕೋಶಗಳು ಕುಗ್ಗುತ್ತಿರುತ್ತವೆ. ಆ ಮಗುವಿಗೆ ವಿಪರೀತ ಬಾಯಾರಿಕೆ, ವಿಪರೀತ ಸಿಡುಕು. ಫಿಟ್ಸ್ ಕೂಡ ಬರಬಹುದು.

ಎಳೆಗೂಸುಗಳಲ್ಲಿ ಇನ್ನೆರಡು ಗುರುತುಗಳು ಉಪಯೋಗಕ್ಕೆ ಬರುತ್ತವೆ. ನೆತ್ತಿಯ ಮೆತ್ತನೆಯ ಜಾಗ, ಮಗುವನ್ನು ಕೂರಿಸಿಕೊಂಡಾಗ, ಎಂದಿಗಿಂತ ಒಳಗೆ ಇಳಿದಿರುವುದು ಒಂದು. ಅಳುವಾಗ ಕಣ್ಣೀರು ಬಾರದಿರುವುದು ಇನ್ನೊಂದು. ಮೂತ್ರದ ಲೆಕ್ಕವನ್ನೂ ಇಡಬೇಕು. ಆರು ಗಂಟೆ ದಾಟಿದರೂ ಕೂಸು ಒದ್ದೆ ಮಾಡಿಕೊಳ್ಳದಿದ್ದರೆ ತಡಮಾಡಬಾರದು. ಈಗಿನ ಡೈಪರುಗಳಲ್ಲಿ ಒಂದು ತೊಡಕಿದೆ. ನೀರಿನಂಥ ಭೇದಿಯನ್ನೂ ಮೂತ್ರವನ್ನೂ ಅವು ಒಟ್ಟಿಗೆ ಹೀರಿಕೊಂಡುಬಿಡುತ್ತವೆ, ಒದ್ದೆಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಭೇದಿಯ ದಿನಗಳ ಮಟ್ಟಿಗೆ ಹಳೆಯ ಮೆತ್ತನೆ ಬಟ್ಟೆ ಕಟ್ಟುವುದೇ ಮೇಲು.

ದೊಡ್ಡವರಿಗೆ ಮೂತ್ರದ ಬಣ್ಣ ಒಳ್ಳೆಯ ಸೂಚಕ. ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾಗಿ, ಸ್ವಲ್ಪವೇ ಆಗಿ, ಉರಿಯೂ ಇದ್ದರೆ ನೀರು ಸಾಲುತ್ತಿಲ್ಲ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಎಲ್ಲರಲ್ಲೂ ಗಾಢವಾಗಿಯೇ ಇರುತ್ತದೆ, ಅದನ್ನು ನೋಡಿ ಹೆದರಬೇಕಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಹೊಳೆಯುವ ಹಳದಿ, ಕ್ಷಯದ ಔಷಧವಾದ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಕಿತ್ತಳೆ ಕೆಂಪು. ಇವಕ್ಕೂ ನೀರಿಗೂ ಸಂಬಂಧವಿಲ್ಲ. ಆದರೆ ಸಕ್ಕರೆ ಕಾಯಿಲೆಯವರ ವಿಷಯವನ್ನು ಒತ್ತಿ ಹೇಳಬೇಕು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದಾಗ ಅದು ಮೂತ್ರಕ್ಕೆ ಇಳಿದು, ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಬತ್ತುತ್ತಿದ್ದರೂ ಮೂತ್ರ ಧಾರಾಳವಾಗಿ, ತಿಳಿಯಾಗಿ ಹೋಗುತ್ತಲೇ ಇರುತ್ತದೆ. ‘ಗಂಟೆಗೊಮ್ಮೆ ಹೋಗ್ತಾ ಇದ್ದಾರಲ್ಲ, ನೀರು ಸಾಕಷ್ಟಿದೆ’ ಎಂದು ಮನೆಯವರು ನೆಮ್ಮದಿಯಿಂದ ಇರುವ ಹೊತ್ತಿಗೇ ಅವರು ಮಂಪರಿಗೆ ಜಾರಬಹುದು.

ಮನೆಯ ಹಿರಿಯರ ಕಡೆ ತಿರುಗೋಣ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 67ರಿಂದ 75 ವರ್ಷದ ಆರೋಗ್ಯವಂತ ಗಂಡಸರನ್ನೂ, 20ರಿಂದ 31ರ ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿದ್ದರು. ರಕ್ತ ಪರೀಕ್ಷೆಯಲ್ಲಿ ನೀರಿನ ಕೊರತೆ ಹಿರಿಯರಲ್ಲೇ ಹೆಚ್ಚು ಎದ್ದುಕಂಡಿತು. ಆದರೂ ಅವರಿಗೆ ಬಾಯಾರಿಕೆ ಕಡಿಮೆ, ಬಾಯಿ ಒಣಗಿದ ದೂರೂ ಕಡಿಮೆ. ಅವಧಿ ಮುಗಿದು ನೀರಿಟ್ಟಾಗ ಅವರು ಕುಡಿದದ್ದೂ ಕಡಿಮೆಯೇ. ಅವರು ರೋಗಿಗಳಲ್ಲ, ಓಡಾಡಿಕೊಂಡಿದ್ದವರು. ವಯಸ್ಸೇ ಬಾಯಾರಿಕೆಯನ್ನು ಮೊಂಡಾಗಿಸುತ್ತದೆ. ಅದರ ಮೇಲೆ ನಮ್ಮ ಅಜ್ಜಿಯರು ಬೇಕೆಂದೇ ಕುಡಿಯುವುದನ್ನು ಬಿಡುತ್ತಾರೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮೊಣಕಾಲು ನೋವು, ಜಾರಿ ಬೀಳುವ ಭಯ, ಸೊಸೆಯನ್ನು ಎಬ್ಬಿಸಬೇಕಲ್ಲ ಎಂಬ ಸಂಕೋಚ. ಬಸ್ಸಿನ ಪ್ರಯಾಣವೆಂದರೆ ಬೆಳಗಿನಿಂದಲೇ ನೀರು ಬಂದ್. ಬಿಪಿಗೆಂದು ಕೊಟ್ಟ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವೂ ಇರುತ್ತವೆ.

ಹಿರಿಯರಲ್ಲಿ ಚರ್ಮದ ಪರೀಕ್ಷೆ ಕೆಲಸಕ್ಕೆ ಬಾರದು. ವಯಸ್ಸಾದಂತೆ ಚರ್ಮದ ಸ್ಥಿತಿಸ್ಥಾಪಕತೆ ಹೇಗೂ ಹೋಗಿರುತ್ತದೆ. ಬಾಯಿ ತೆರೆದು ಮಲಗುವವರ ನಾಲಿಗೆಯೂ ಒಣಗಿಯೇ ಇರುತ್ತದೆ. ಇವಕ್ಕಿಂತ ಕಂಕುಳನ್ನು ಮುಟ್ಟಿ ನೋಡುವುದು ಲೇಸು. ಸಾಮಾನ್ಯವಾಗಿ ಅಲ್ಲಿ ಕೊಂಚ ಪಸೆ ಇರುತ್ತದೆ, ತೀರಾ ಒಣಗಿದ್ದರೆ ಅನುಮಾನಿಸಬೇಕು. ಕುಳಿತವರು ಎದ್ದಾಗ ತಲೆ ಸುತ್ತುವುದು, ಕಣ್ಣು ಕತ್ತಲೆ ಕಟ್ಟುವುದು, ಬಿದ್ದುಬಿಡುವುದು ಇನ್ನೊಂದು ಗುರುತು. ಎಲ್ಲಕ್ಕಿಂತ ಮುಖ್ಯವಾದದ್ದು ಮಾತಿನಲ್ಲಿ ಕಾಣುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ತಾತ ಇವತ್ತು ಮಗನನ್ನು ತಮ್ಮನ ಹೆಸರಿಂದ ಕರೆಯುತ್ತಾರೆ, ಊಟ ಆಯಿತೋ ಇಲ್ಲವೋ ಗೊತ್ತಿಲ್ಲ, ಮಧ್ಯಾಹ್ನವನ್ನು ಬೆಳಗು ಅನ್ನುತ್ತಾರೆ. ‘ಅರಳು ಮರಳು, ವಯಸ್ಸಾಯ್ತಲ್ಲ’ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣ ಇದ್ದೇ ಇರುತ್ತದೆ. ಸೋಂಕು, ಸೋಡಿಯಂ ಏರುಪೇರು, ಪಾರ್ಶ್ವವಾಯು, ಮತ್ತು ನೀರಿನ ಕೊರತೆ. ಅದೇ ದಿನ ವೈದ್ಯರಿಗೆ ತೋರಿಸಬೇಕು. ದಿನವೂ ನೀರು ಬೇಕೇ ಎಂದು ಕೇಳಿದರೆ ಹಿರಿಯರು ಬೇಡವೆಂದೇ ಹೇಳುತ್ತಾರೆ. ಕೇಳದೆ, ಕಾಫಿ ಕೊಟ್ಟ ಹಾಗೆ, ಹೊತ್ತಿಗೆ ಸರಿಯಾಗಿ ಮಜ್ಜಿಗೆಯನ್ನೋ ನೀರನ್ನೋ ಕೈಗೆ ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರನ್ನು ಮಿತಿಗೊಳಿಸಿರುವವರಿಗೆ ಮಾತ್ರ ವೈದ್ಯರು ಹೇಳಿದ ಅಳತೆಯೇ ಅಳತೆ.

ಕಲಬುರಗಿ, ರಾಯಚೂರು ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಆ ವೇಳೆಯ ಅನುಕೂಲ ಇಟ್ಟಿಗೆಗೂಡಿನವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಹೊಲದಲ್ಲಿ ಕೂಲಿ ಮಾಡುವವರಿಗೆ ಎಲ್ಲಿದೆ? ಒಣಹವೆಯ ಈ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಮಂಗಳೂರಿನ ಸೆಕೆಯಲ್ಲಿ ಬೆವರು ತೊಟ್ಟಿಕ್ಕುತ್ತದೆ, ಹೋಗುತ್ತಿರುವ ನೀರು ಕಣ್ಣಿಗೆ ಕಾಣುತ್ತದೆ. ಒಣಗಾಳಿಯಲ್ಲಿ ಬೆವರು ಬಂದಂತೆಯೇ ಆರಿಹೋಗುತ್ತದೆ; ಮೈ ಒಣಗಿದ್ದಂತೆಯೇ ಅನ್ನಿಸುತ್ತದೆ. ಹೋದ ನೀರಿನ ಗುರುತಾಗಿ ಉಳಿಯುವುದು ಅಂಗಿಯ ಬೆನ್ನಿನ ಮೇಲಿನ ಬಿಳಿ ಉಪ್ಪಿನ ಕಲೆ ಮಾತ್ರ. ಅದನ್ನು ಕಂಡ ಮೇಸ್ತ್ರಿ ಕೆಲಸ ನಿಲ್ಲಿಸಿ ನೆರಳಿಗೆ ಕಳಿಸಬೇಕು. ಆಮೇಲೆ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು, ವಾಕರಿಕೆ ಶುರುವಾಗುತ್ತವೆ. ಮಾತು ತಡವರಿಸಿ, ಮೈ ಕೆಂಡವಾಗಿ ಸುಡುತ್ತಿದ್ದರೆ ಅದು ಬರಿಯ ನಿರ್ಜಲೀಕರಣವಲ್ಲ, ಬಿಸಿಲಿನ ಹೊಡೆತ. ಆಂಬುಲೆನ್ಸಿಗೆ 108ಕ್ಕೆ ಕರೆಮಾಡಿ, ಅದು ಬರುವವರೆಗೆ ನೆರಳಿನಲ್ಲಿ ಮೈಮೇಲೆ ತಣ್ಣೀರು ಹೊಯ್ದು ಗಾಳಿ ಬೀಸುತ್ತಿರಬೇಕು. ಗಂಟೆಗಟ್ಟಲೆ ಬೆವರಿದವರು ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯುವ ಅಪಾಯವೂ ಉಂಟು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಉಪ್ಪು ಸೇರಿಸಿದ ನಿಂಬೆ ಶರಬತ್ತು ನಮ್ಮಲ್ಲಿ ಬೇಸಿಗೆಯ ಪಾನೀಯಗಳಾದದ್ದು ಸರಿಯಾಗಿಯೇ ಇದೆ.

ನೀರಿನ ಜೊತೆ ಉಪ್ಪೂ ಹೋಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಕಂಡುಕೊಂಡದ್ದು ಕಾಲರಾದಿಂದ. 1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಾಗ ವಿಲಿಯಂ ಬ್ರೂಕ್ ಒ’ಶಾಗ್ನೆಸಿ ಎಂಬ ಯುವ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ತೀರಾ ಕಡಿಮೆಯಾಗಿರುವುದನ್ನು ತೋರಿಸಿದ. ಮರುವರ್ಷ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಾಟಾ ಆ ಮಾತನ್ನು ನಂಬಿ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಕಣ್ಣು ಗುಳಿಬಿದ್ದು, ಮೈ ತಣ್ಣಗಾಗಿ, ನಾಡಿಯೇ ಸಿಗದೆ ಮಲಗಿದ್ದವಳು ಅರ್ಧ ಗಂಟೆಯಲ್ಲಿ ಮುಖ ಕಳೆಕಟ್ಟಿ ಮಾತಾಡಿದಳು. ಗೆದ್ದೆವೆಂದುಕೊಂಡು ಲಾಟಾ ಅವಳನ್ನು ಆಸ್ಪತ್ರೆಯವರ ಕೈಗೆ ಒಪ್ಪಿಸಿ ಹೋದ. ವಾಂತಿಭೇದಿ ಮತ್ತೆ ಶುರುವಾಯಿತು, ಯಾರೂ ಮತ್ತೆ ನೀರು ತುಂಬಲಿಲ್ಲ, ಕೆಲವೇ ಗಂಟೆಗಳಲ್ಲಿ ಅವಳು ತೀರಿಕೊಂಡಳು. ಸೋರುವುದು ನಿಲ್ಲುವವರೆಗೂ ತುಂಬುತ್ತಲೇ ಇರಬೇಕು ಎಂಬ ಪಾಠಕ್ಕೆ ಅವಳು ತೆತ್ತ ಬೆಲೆ ಅದು. ಅಕ್ಕಿ ತೊಳೆದ ನೀರಿನಂಥ ಭೇದಿಯಾಗುವ ಕಾಲರಾದಲ್ಲಿ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು.

ಬಾಯಿಂದಲೇ ಏಕೆ ತುಂಬಬಾರದು? ಭೇದಿಯಾಗುವ ಕರುಳು ನೀರನ್ನು ಹೀರುವುದಿಲ್ಲ ಎಂದೇ ಬಹುಕಾಲ ತಿಳಿದಿದ್ದರು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ, ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿಯೇ ಒಳಹೋಗುತ್ತವೆ ಎಂಬ ವಿವರಣೆಯನ್ನು ಮುಂದಿಟ್ಟ. ಅವು ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಕಾಲರಾದ ವಿಷ ಕರುಳಿನಿಂದ ನೀರು ಹೊರಸುರಿಯುವಂತೆ ಮಾಡುತ್ತದೆಯೇ ಹೊರತು ಈ ಜೋಡಿದಾರಿಯನ್ನು ಕೆಡಿಸುವುದಿಲ್ಲ. ಕೋಲ್ಕತ್ತ ಮತ್ತು ಢಾಕಾದ ವೈದ್ಯರು 60ರ ದಶಕದಲ್ಲಿ ಇದನ್ನು ರೋಗಿಗಳ ಮೇಲೆ ಪ್ರಯೋಗಿಸಿ ಗೆದ್ದಿದ್ದರು. ಆದರೆ ಅದು ಆಸ್ಪತ್ರೆಯ ಹೊರಗೆ ನಡೆದೀತೇ ಎಂಬ ಅನುಮಾನ ಉಳಿದಿತ್ತು.

1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅಲ್ಲಿಗೆ ಹೋದಾಗ ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು. ಡ್ರಿಪ್ ಹಾಕಬೇಕೆಂದರೆ ಮಲ, ವಾಂತಿಯ ನಡುವೆಯೇ ಮಂಡಿಯೂರಬೇಕಿತ್ತು. ಡ್ರಿಪ್ಪಿನ ಬಾಟಲಿಗಳೂ ಬೇಗ ಮುಗಿಯುತ್ತ ಬಂದವು. ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ನಲ್ಲಿಯಿರುವ ಡ್ರಮ್ಮುಗಳಲ್ಲಿ ಕದಡಿಸಿಟ್ಟರು. ಕುಡಿಸುವ ಕೆಲಸವನ್ನು ಅಮ್ಮಂದಿರಿಗೆ, ಅಣ್ಣತಮ್ಮಂದಿರಿಗೆ, ಜೊತೆಗೆ ಬಂದ ನೆಂಟರಿಗೆ ಒಪ್ಪಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಲೋಟ ಹಿಡಿದಿದ್ದವರು ವೈದ್ಯರಲ್ಲ, ಮನೆಯವರು. ಆ ಅಂಕಿಗಿಂತಲೂ ದೊಡ್ಡ ಸಂಗತಿ ಇದು ಎಂದು ನನಗೆ ಅನ್ನಿಸುತ್ತದೆ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ದೇಶ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು.

ಇಂದಿನ ಓಆರ್‌ಎಸ್ ಪುಡಿ ಆ ಪೊಟ್ಟಣದ ಮುಂದುವರಿಕೆ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್ ಇವೆ. ಬೆರೆಸುವಲ್ಲಿ ಆಗುವ ದೊಡ್ಡ ತಪ್ಪೆಂದರೆ ಒಂದು ಲೀಟರಿನ ಪೊಟ್ಟಣವನ್ನು ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಉದುರಿಸಿಕೊಳ್ಳುವುದು. ಆಗ ಒಂದು ಲೋಟ ಉಪ್ಪು, ಇನ್ನೊಂದು ಲೋಟ ಸಪ್ಪೆ. ಪೊಟ್ಟಣದ ಮೇಲಿರುವ ಅಳತೆಯ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪುಡಿಯನ್ನು ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ವಾಂತಿ ಮಾಡಿಕೊಂಡಿತೆಂದು ನಿಲ್ಲಿಸಬಾರದು, ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಕೊಡಬೇಕು. ಎದೆಹಾಲು, ಗಂಜಿ, ಮೆತ್ತನೆ ಅನ್ನ ಎಂದಿನಂತೆ ನಡೆಯಲಿ. ಪುಡಿ ಸಿಗದ ಹೊತ್ತಿನಲ್ಲಿ ಒಂದು ಲೀಟರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಕಣ್ಣೀರಿಗಿಂತ ಉಪ್ಪಾಗಿಲ್ಲ ಎಂದು ರುಚಿ ನೋಡಿಯೇ ಕುಡಿಸಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಓಆರ್‌ಎಸ್ ಜಾಗಕ್ಕೆ ಬಾರದು. ತಂಪು ಪಾನೀಯ, ಪ್ಯಾಕೆಟ್ ಜ್ಯೂಸುಗಳ ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಓಆರ್‌ಎಸ್ ಎಂದು ಹೆಸರು ಹಾಕಿಕೊಂಡು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ತೀರಾ ತಡವಾಗಿ ಬಂದ, ಆದರೆ ಬರಲೇಬೇಕಿದ್ದ ಆದೇಶ.

ಎಚ್ಚರವಾಗಿದ್ದು ಕುಡಿಯಬಲ್ಲ ಮಗುವಿಗೆ ಸಾಮಾನ್ಯವಾಗಿ ಡ್ರಿಪ್ ಬೇಕಾಗುವುದಿಲ್ಲ. ‘ಒಂದು ಗ್ಲೂಕೋಸ್ ಬಾಟ್ಲಿ ಏರಿಸಿಬಿಡಿ ಡಾಕ್ಟ್ರೇ’ ಎಂದು ಒತ್ತಾಯ ಮಾಡುವವರಿದ್ದಾರೆ. ಒಂದು ಚಮಚ, ಒಂದು ಲೋಟ, ಪಕ್ಕದಲ್ಲಿ ಕೂರುವ ತಾಳ್ಮೆ ಆ ಬಾಟಲಿಯ ಕೆಲಸವನ್ನೇ ಮಾಡುತ್ತವೆ. ಆದರೆ ಮಗು ಮಂಪರಿನಲ್ಲಿದ್ದರೆ, ಕುಡಿಯಲಾಗದಿದ್ದರೆ, ಹೊಟ್ಟೆಯ ಮಡಿಕೆ ಎರಡು ಸೆಕೆಂಡಾದರೂ ಇಳಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಸಮಯವಿಲ್ಲ, ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಅದು ಇನ್ನೂ ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಹೋಗಬೇಕು.

ವಾಂತಿಭೇದಿ ಔಷಧದ ಅಂಗಡಿಗಳು ಬಾಗಿಲು ಹಾಕಿದ ಮೇಲೂ ಶುರುವಾಗಬಹುದು. ಓಆರ್‌ಎಸ್ ಪುಡಿಯನ್ನು ಆಶಾ ಕಾರ್ಯಕರ್ತೆಯರು, ಆರೋಗ್ಯ ಕೇಂದ್ರದವರು ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ, ಅಂಗಡಿಯಲ್ಲೂ ದುಬಾರಿಯೇನಲ್ಲ. ಈ ವಾರವೇ ಎರಡು ಪೊಟ್ಟಣ ತಂದು ಅಡುಗೆಮನೆಯ ಕಪಾಟಿನಲ್ಲಿಡಿ, ಎಲ್ಲಿಟ್ಟಿದ್ದೀರಿ ಎಂಬುದನ್ನು ಮನೆಯ ಎಲ್ಲರಿಗೂ ಹೇಳಿ.